ಚಿಕ್ಕಪ್ಪ ತಂದ ಮೀನಿನ ಲೈಸೆನ್ಸು

ಹದಿನಾರಕ್ಕೆ ನಾನು ಶಾಲೆ ಬಿಟ್ಟಾಗ ಯಾರೂ ಒಂದು ಪುರಾವೆ ಕೇಳಲಿಲ್ಲ. ಹೋಗು ಅಂದರು, ಹೋದೆ, ಟೈರ್ ಅಂಗಡಿ ಸೇರಿದೆ. ಓದುತ್ತೇನೆ ಅನ್ನುವವರನ್ನು ಮಾತ್ರ ಈ ದೇಶ ಕಳ್ಳರ ಹಾಗೆ ವಿಚಾರಿಸುತ್ತದೆ. ನನ್ನ ಚಿಕ್ಕಮ್ಮನ ಮಗಳು ಬ್ರಿಟ್ಟಾಗೆ ನಮ್ಮ ಮೊಂಟಾನಾ ರಾಜ್ಯದ ಕಾಲೇಜಿನಲ್ಲಿ ಕಾಡಿನ ವಿಷಯ ಓದುವ ಆಸೆ. ಅವಳ ಮನೆ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ. ಬೆಳಿಗ್ಗೆ ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿರಬಹುದು. ಆದರೆ ಹೊರರಾಜ್ಯದವರಿಗೆ ಫೀಸು ಮೂರು ಪಟ್ಟು. ಒಂದು ವರ್ಷ ಓದು ನಿಲ್ಲಿಸಿ, ಇಲ್ಲೇ ದುಡಿದು ಬದುಕಿ ತೋರಿಸಿದರೆ ಇಲ್ಲಿಯವಳೆಂದು ಒಪ್ಪುತ್ತಾರಂತೆ. ಮಲಗುವ ಜಾಗವೇ ಮನೆ ಅನ್ನುವುದಕ್ಕೂ ಸಾಕ್ಷಿ ಬೇಕು ಇವರಿಗೆ!

ಜೂನ್‌ನಲ್ಲಿ ಬ್ರಿಟ್ಟಾ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಬೇಕರಿಯಲ್ಲಿ ಹಿಟ್ಟು ನಾದಿದಳು, ಕಾರಿಗೆ ಮೊಂಟಾನಾದ ನಂಬರ್ ಹಾಕಿಸಿದಳು, ಇಲ್ಲೇ ಓಟು ಹಾಕಿದಳು. ಚಳಿಗಾಲದಲ್ಲಿ ಕಾರಿನ ಬಾಗಿಲು ಹೆಪ್ಪುಗಟ್ಟಿದಾಗ ನನಗಿಂತ ಚೆನ್ನಾಗಿ ಬೈಯಲು ಕಲಿತಳು. ಒಂದೇ ಒಂದು ಎಚ್ಚರಿಕೆ ಬೇಕಿತ್ತು. ಹಳೆಯ ರಾಜ್ಯದಲ್ಲಿ ಅಲ್ಲಿಯವಳೆಂದು ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ವರ್ಷದ ಲೆಕ್ಕ ಮತ್ತೆ ಮೊದಲಿಂದ.

ಏಪ್ರಿಲ್ ಕೊನೆಯ ಶುಕ್ರವಾರ ಅವಳಪ್ಪ ಲೋರ್ನ್ ಚಿಕ್ಕಪ್ಪ ಟ್ರಕ್ಕಿನಲ್ಲಿ ಬಂದು ಅಂಗಡಿಯ ಮುಂದೆ ಹಾರ್ನ್ ಹೊಡೆದ. ಬ್ರಿಟ್ಟಾ ಆಗಷ್ಟೇ ಬೇಕರಿಯಿಂದ ಬಂದಿದ್ದಳು.

"ನಾಳೆ ಕೆರೆ ತೆಗೀತಾರೆ ಮಗಳೇ, ಗಾಡಿ ಹತ್ತು" ಅಂದ. ಅವರ ಕಡೆ ಟ್ರೌಟ್ ಮೀನಿನ ಕೆರೆಗಳು ತೆರೆಯುವ ಶನಿವಾರ ಹಬ್ಬವಿದ್ದಂತೆ. ಅಪ್ಪ ಮಗಳು ಒಂದು ಸಲವೂ ತಪ್ಪಿಸಿದವರಲ್ಲ. ಜೇಬಿನಿಂದ ಒಂದು ಕಾಗದ ತೆಗೆದ. "ಮೀನು ಹಿಡಿಯೋಕೆ ನಿನ್ ಲೈಸೆನ್ಸೂ ನಾನೇ ಮಾಡಿಸಿಬಿಟ್ಟೆ. ನಮ್ಮೂರೋರಿಗೆ ಕಮ್ಮಿ ಅಲ್ವಾ."

ಬ್ರಿಟ್ಟಾ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟಳು. "ಅಪ್ಪಾ, ಏನ್ ಮಾಡ್ದೆ ನೀನು."

ನನಗೆ ತಲೆ ಕೆಟ್ಟಿತು. ಕೈಲಿದ್ದ ಸ್ಪ್ಯಾನರ್ ನೆಲಕ್ಕೆ ಬಿಸಾಡಿದೆ. "ವರ್ಷಾನೇ ಮುಳುಗಿಸಿದ್ಯಲ್ಲ ಚಿಕ್ಕಪ್ಪ. ಆ ಹುಡುಗಿ ಹಿಟ್ಟು ನಾದಿ ನಾದಿ ಸತ್ತಿದ್ದು ಒಂದು ಮೀನಿಗೋಸ್ಕರನಾ?"

"ಕಿರುಚಬೇಡ್ವೋ. ಮೀನು ಹಿಡಿಯೋಕೂ ಕಾಲೇಜಿಗೂ ಏನ್ ಸಂಬಂಧ?"

"ಅದನ್ನ ಕಾಲೇಜಿನೋರನ್ನೇ ಕೇಳು."

ಕೇಳಿದೆವು. ಬ್ರಿಟ್ಟಾ ಏನೂ ಮುಚ್ಚಿಡದೆ ಕಾಲೇಜಿನ ಕಚೇರಿಗೆ ಫೋನ್ ಮಾಡಿದಳು. ಅವಳ ಬುದ್ಧಿಯೇ ಹಾಗೆ. ಆ ಕಡೆಯ ಹೆಂಗಸು ಸಾವಧಾನವಾಗಿ ಕೇಳಿಸಿಕೊಂಡು, "ನೀವು ಸಹಿ ಹಾಕಿದೀರಾ?" ಅಂದಳು.

"ಇಲ್ಲ. ಈಗಷ್ಟೇ ನೋಡ್ತಿರೋದು."

"ಹಾಗಾದ್ರೆ ನಿಮ್ಮ ತಂದೇನೇ ಅದನ್ನ ರದ್ದು ಮಾಡಿಸ್ಲಿ. ಮಗಳು ಅಲ್ಲಿ ವಾಸ ಇಲ್ಲ, ತಪ್ಪಾಗಿ ತಗೊಂಡೆ ಅಂತ ಹೇಳ್ಲಿ. ಅವರು ರದ್ದು ಮಾಡಿದ್ರೆ ನಮ್ ಕಡೆಯಿಂದ ತೊಂದರೆ ಇಲ್ಲ, ವರ್ಷಕ್ಕೇನೂ ಆಗಲ್ಲ."

ಚಿಕ್ಕಪ್ಪ ತನ್ನ ರಾಜ್ಯದ ಮೀನಿನ ಇಲಾಖೆಗೆ ಫೋನ್ ಹಚ್ಚಿದ. ಕಾರಣ ಕೇಳಿದಾಗ ಟೋಪಿ ತೆಗೆದ, ಹಾಕಿಕೊಂಡ, ಗಾಳಿ ತುಂಬುವ ಪಂಪನ್ನೇ ನೋಡಿದ. ಬೇಜಾರಾಗಿ ಫೋನ್ ಇಟ್ಟುಬಿಡುತ್ತಾನೇನೋ ಅಂತ ನಾನು ಹೆದರಿದೆ.

"ನಮ್ಮ ಹುಡುಗಿ..." ಅಂದ. "ಅವಳು ಈಗ ನಮ್ಮೂರಲ್ಲಿಲ್ಲ ಮೇಡಂ. ಅವಳ ಮನೆ ಮೊಂಟಾನಾದಲ್ಲಿ. ಹೋದ ಜೂನ್‌ನಿಂದಾನೂ ಅಷ್ಟೇ. ನಾನೇ ಒಪ್ಕೊಂಡಿರಲಿಲ್ಲ."

ರದ್ದಾಯಿತು. ಬ್ರಿಟ್ಟಾ ಅವನನ್ನು ತಬ್ಬಿಕೊಂಡಳು. ನಾನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಕಾರಿನ ಕೆಳಗೆ ನುಗ್ಗಿದೆ.

ಮರುದಿನ ಬೆಳಿಗ್ಗೆ, ಇಲ್ಲೇ ಮೀನು ಹಿಡಿಯೋಣವೆಂದು, ಲೈಸೆನ್ಸು ಮಾಡಿಸಲು ನಮ್ಮೂರಿನ ಗಾಳದ ಅಂಗಡಿಗೆ ಹೋದೆವು. ಗಲ್ಲಾದಲ್ಲಿ ಕೂತಿದ್ದ ಮುದುಕಿ ಓಪಲ್ ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವೂರು?"

"ಸ್ಪೋಕೇನ್."

"ಹೊರಗಿನವರಿಗೆ ಜಾಸ್ತಿ ಆಗುತ್ತೆ ಯಜಮಾನ್ರೇ."

"ಇವಳು ನನ್ ಮಗಳು ಕಣಮ್ಮ."

"ಇವಳು ನಮ್ ಬೇಕರಿ ಹುಡುಗಿ. ಇವಳಿಗೆ ಕಮ್ಮಿ. ನೀವು ಯಾರೋ ನಂಗೊತ್ತಿಲ್ಲ."

ಚಿಕ್ಕಪ್ಪ ಗೊಣಗುತ್ತ ದುಡ್ಡು ಎಣಿಸಿದ. "ಏನ್ ಕಾನೂನೋ. ನನ್ ಮಗಳ ಊರಲ್ಲಿ ನಾನೇ ಪರದೇಶಿ."

"ಒಂದು ವರ್ಷ ಬೇಕರಿ ಸೇರ್ಕೊಳ್ಳಪ್ಪ" ಅಂದಳು ಬ್ರಿಟ್ಟಾ, "ಹಿಟ್ಟು ನಾದೋಕೆ ನಾನು ಹೇಳ್ಕೊಡ್ತೀನಿ."

ಓಪಲ್ ನಕ್ಕು ಒಂದು ಡಬ್ಬಿ ಎರೆಹುಳು ಪುಕ್ಕಟೆ ಕೊಟ್ಟಳು, ಅದೂ ಬ್ರಿಟ್ಟಾಳ ಕೈಗೆ.