ಬುತ್ತಿಯೊಳಗಿನ ಬಲಗೈ

ನಾನು ಒಂದು ಕತ್ತರಿಸಿದ ಕೈ. ಹೆದರಬೇಡಿ, ನನ್ನನ್ನು ಯಾರೂ ಕತ್ತರಿಸಿಲ್ಲ. ನಾನು ಹುಟ್ಟಿದ್ದೇ ಮಣಿಕಟ್ಟಿನವರೆಗೆ. ಗಂಗಾವತಿಯಲ್ಲಿ ಹಲ್ಲಿನ ಸೆಟ್ ಕಟ್ಟುವ ಒಂದು ಚಿಕ್ಕ ಕೋಣೆ ನನ್ನ ತವರು. ಹುಲಿಗೆಮ್ಮ ಅಲ್ಲಿ ದಿನವಿಡೀ ಮುದುಕರಿಗೆ ಹಲ್ಲು ಮಾಡುತ್ತಿದ್ದಳು. ಆನೆಗೊಂದಿ ಬಳಿ ‘ರಕ್ತದ ಬುತ್ತಿ’ ಎಂಬ ದೆವ್ವದ ಸಿನಿಮಾ ತೆಗೆಯುತ್ತಿದ್ದವರ ರಬ್ಬರ್ ಕೈ ಹರಿದುಹೋಗಿ, ಎರಡೇ ದಿನದಲ್ಲಿ ಇನ್ನೊಂದು ಬೇಕೆಂದು ಅವಳ ಬಾಗಿಲಿಗೆ ಬಂದರು. ಅವಳು ಅಪ್ಪನನ್ನು ಕರೆದಳು.

ಅಪ್ಪ ವಿರುಪಣ್ಣ ಬಸ್ ನಿಲ್ದಾಣದೆದುರು ಕಬ್ಬಿನ ಹಾಲು ಮಾರುವವನು. ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಹಿಟ್ಟನ್ನು ಬಕೆಟ್ಟಿನಲ್ಲಿ ಕಲಸಿ, ಅವನ ಬಲಗೈಯನ್ನು ಅದರಲ್ಲಿ ಮುಳುಗಿಸಿದಳು.

“ಯಪ್ಪಾ, ಅಳ್ಳಾಡಬ್ಯಾಡ.”

“ಮೂಗಿನ ಮ್ಯಾಲೆ ನೊಣ ಕುಂತೈತಿ.”

“ಕುಂದ್ರಲಿ ಬಿಡು.”

ಅವನು ಕೈ ಹೊರತೆಗೆದ ಮೇಲೆ ಉಳಿದ ಅಚ್ಚಿನೊಳಗೆ ರಬ್ಬರ್ ಸುರಿದಳು. ಹೀಗೆ ನಾನು ಹುಟ್ಟಿದೆ. ಸೊಟ್ಟ ಕಿರುಬೆರಳು, ಹೆಬ್ಬೆರಳ ಬುಡದ ಹಳೆ ಗಾಯ, ಅಂಗೈಯ ಗೆರೆ, ಎಲ್ಲವೂ ಅವನವೇ. ನನ್ನನ್ನು ಬಿಡಿಸುವಾಗ ಅಚ್ಚು ಚೂರುಚೂರಾಯಿತು. ಹಾಗಾಗಿ ನನಗೆ ಒಡಹುಟ್ಟಿದವರಿಲ್ಲ.

ಸಿನಿಮಾದಲ್ಲಿ ನನ್ನದು ಒಂದೇ ದೃಶ್ಯ. ಹೆಂಡತಿ ಗಂಡನ ಬುತ್ತಿ ಬಿಚ್ಚುತ್ತಾಳೆ, ರೊಟ್ಟಿಯ ಮೇಲೆ ನಾನು. ಒಂದು ಹನಿ ರಕ್ತವಿಲ್ಲ. ದಾರ ಎಳೆದಾಗ ನನ್ನ ಕಿರುಬೆರಳು ಮೆಲ್ಲಗೆ ಮಡಚುತ್ತದೆ, ಅಷ್ಟೇ. ಥಿಯೇಟರಿಗೆ ಥಿಯೇಟರೇ ಚೀರಿತಂತೆ. ಅದು ಯಾರ ಕೈ ಎಂದು ಊರೆಲ್ಲ ಕೇಳಿದರೆ, ವಿರುಪಣ್ಣ ಹಾಲಿನ ಗ್ಲಾಸು ನೀಡುತ್ತಾ “ನಂದ” ಎನ್ನುತ್ತಿದ್ದನಂತೆ. ಹೇಳಿಕೊಳ್ಳಬಾರದು, ಆದರೂ ನನಗೆ ಜಂಬ ಬಂದಿತ್ತು.

ಜಂಬ ಇಳಿದದ್ದು ಬೆಂಗಳೂರಿನಲ್ಲಿ, ಸಿನಿಮಾದವರ ಉಗ್ರಾಣದ ಟ್ರಂಕಿನಲ್ಲಿ. ರಬ್ಬರ್ ಕಿವಿ, ಮೂಗುಗಳ ನಡುವೆ ಮೂರು ವರ್ಷ ಬಿದ್ದಿದ್ದೆ. ಒಂದು ದಿನ ಉಗ್ರಾಣದವನ ಫೋನಿನಲ್ಲಿ ಹುಲಿಗೆಮ್ಮನ ದನಿ ಕೇಳಿಸಿತು. “ಕಬ್ಬಿನ ಮಷಿನ್ನಿಗೆ ಸಿಕ್ಕು ನಮ್ಮಪ್ಪನ ಬಲಗೈ ಹೋತ್ರಿ ಸರ. ಆ ರಬ್ಬರ್ ಕೈ ಕೊಡ್ರಿ. ಅದರ ಮ್ಯಾಲೆ ಅಚ್ಚು ತಗದು ಹೊಸಾದು ಮಾಡಿ ಅಪ್ಪಗ ತೊಡಸ್ತೀನಿ.” ಅವನು “ನೋಡೋಣಮ್ಮ” ಎಂದ. ಎರಡು ಸಲ, ಮೂರು ಸಲ, ಅದೇ ನೋಡೋಣ. ನನಗೆ ಬೆರಳಿದ್ದರೂ ಬಲವಿರಲಿಲ್ಲ, ಇಲ್ಲದಿದ್ದರೆ ಆ ಫೋನು ಕಸಿದುಕೊಂಡು ನಾನೇ ಹೂಂ ಎನ್ನುತ್ತಿದ್ದೆ.

ಆಮೇಲೆ ‘ರಕ್ತದ ಬುತ್ತಿ-2’ ಬಂತು. ನನ್ನ ಮೇಲೆ ಕೆಂಪು ಬಣ್ಣ ಸುರಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪ್ರಚಾರಕ್ಕೆಂದು ಗಂಗಾವತಿಯ ಥಿಯೇಟರಿನ ಬಾಗಿಲಿಗೇ ತಂದಿಟ್ಟರು. ಮೊದಲ ದಿನವೇ ಮಗಳ ಜೊತೆ ವಿರುಪಣ್ಣ ಬಂದ. ಅಂಗಿಯ ಬಲತೋಳು ಮಡಚಿ ಪಿನ್ನು ಹಾಕಿತ್ತು.

“ಎಡಗೈಲೆ ಗ್ಲಾಸು ಕೊಟ್ರ ಗಿರಾಕಿ ಮಾರಿ ತಿರುವ್ತಾರ್ರಿ,” ಎಂದ ಪ್ರಚಾರದ ಮನೋಹರನಿಗೆ. “ಅದೂ ಹೋಗ್ಲಿ. ಕೈ ಮುಗಿಯಾಕ ಎರಡು ಬೇಕಲ್ರಿ.”

ಮನೋಹರ ಪೆಟ್ಟಿಗೆಯ ಬೀಗದಕೈ ತೋರಿಸಿದ. “ಪಿಕ್ಚರ್ ನೋಡಿ ಬನ್ನಿ ಯಜಮಾನ್ರೇ. ಮೈಕ್ ಮುಂದೆ ‘ಮೊದಲನೇದಕ್ಕಿಂತ ಸೂಪರ್’ ಅನ್ನಿ. ಕೈ ನಿಮ್ದೇ.”

ಆಟ ಬಿಟ್ಟಿತು. ಬಾಗಿಲಲ್ಲಿ ಯೂಟ್ಯೂಬಿನವರು ಮೈಕ್ ಹಿಡಿದು ನಿಂತಿದ್ದರು. ವಿರುಪಣ್ಣ ಒಮ್ಮೆ ನನ್ನತ್ತ ನೋಡಿದ. ಒಂದು ಸುಳ್ಳು ತಾನೇ, ಹೇಳಿಬಿಡು ಮಾರಾಯ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಮೊದಲನೇದ್ರಾಗ ಒಂದ ಕೈ ಇತ್ತು. ಅದು ಯಾರದು ಅಂತ ಊರೆಲ್ಲ ಕೇಳಿತು,” ಎಂದ. “ಇದ್ರಾಗ ನಲವತ್ತು ಕೈ ಕಡದಾರ. ಒಂದನ್ನೂ ಯಾರದು ಅಂತ ಯಾರೂ ಕೇಳಲಿಲ್ಲ, ಮಂಡಕ್ಕಿ ತಿನ್ಕೋತ ಕುಂತಿದ್ರು. ನನ್ನ ಕೈ ಮಷಿನ್ನಿಗೆ ಸಿಕ್ಕಾಗ ನಾ ಹಿಂಗ ಚೀರಲಿಲ್ಲ. ಎದುರಿಗಿದ್ದ ಗಿರಾಕಿಗೆ ಗ್ಲಾಸು ಬೀಳ್ತೈತಿ ಹಿಡೀರಿ ಅಂದೆ. ನನ್ನ ಮಾರಿ ನೋಡಿ ಆ ಗಿರಾಕಿ ಅತ್ತುಬಿಟ್ಟ. ಇಲ್ಲಿ ಯಾರೂ ಅಳಂಗಿಲ್ಲ. ಪಿಚ್ಚರ್ ಚಲೋ ಇಲ್ರಿ.”

ಮನೋಹರ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ.

“ಯಪ್ಪಾ, ಒಂದು ಮಾತು ಅಂದಿದ್ರ ಮುಗೀತಿತ್ತಲ್ಲ,” ಎಂದು ಹುಲಿಗೆಮ್ಮ ಕಣ್ಣೊರೆಸಿಕೊಂಡಳು.

“ಸುಳ್ಳು ಹೇಳಿ ತಂದ ಕೈಲೆ ದೇವ್ರಿಗೆ ಹೆಂಗ ಕೈ ಮುಗೀಲೆವ್ವಾ? ನಾಳೆ ಮತ್ತ ಕೇಳ್ತೀನಿ.”

ಕೇಳಿದ. ಮರುದಿನ, ಅದರ ಮರುದಿನ, ಬೆಳಗಿನ ಆಟದ ಹೊತ್ತಿಗೆ ಸರಿಯಾಗಿ ಬಂದು ನನ್ನ ಪಕ್ಕದಲ್ಲಿ ನಿಂತ. ಜಗಳವಿಲ್ಲ, ಬೈಗುಳವಿಲ್ಲ. ಕೇಳಿದವರಿಗೆ ಮಾತ್ರ ಪಿನ್ನು ಬಿಚ್ಚಿ ತೋಳು ತೋರಿಸಿ, ಪೆಟ್ಟಿಗೆಯೊಳಗಿನದು ತನ್ನದೆಂದು ಹೇಳುತ್ತಿದ್ದ. ಒಳಗೆ ಹೋದವರು ಹೊರಬಂದು ಅಜ್ಜ ಮೈಕಿನ ಮುಂದೆ ಹೇಳಿದ್ದು ಖರೆ, ಪಿಚ್ಚರ್ ಚಲೋ ಇಲ್ಲ ಎನ್ನುತ್ತಿದ್ದರು. ಒಂಬತ್ತನೆಯ ದಿನ ಚಿತ್ರ ಎತ್ತಂಗಡಿಯಾಯಿತು. ಕಟೌಟುಗಳ ಜೊತೆ ನನ್ನನ್ನೂ ಗುಜರಿ ಗಾಡಿಗೆ ಹಾಕಲು ಬಂದಾಗ, ಗಾಡಿಯ ಮುಂದೆ ವಿರುಪಣ್ಣ ನಿಂತಿದ್ದ.

ಮನೋಹರ ಸುಸ್ತಾಗಿ ಬೀಗ ತೆಗೆದ. “ತಗೊಳ್ಳಿ ಯಜಮಾನ್ರೇ. ಮೂರನೇ ಭಾಗಕ್ಕೆ ಮಾತ್ರ ದಯವಿಟ್ಟು ಬರಬೇಡಿ.”

“ಬರ್ತೀನ್ರಿ. ಚಲೋ ಮಾಡ್ರಿ.”

ಈಗ ನಾನು ತವರಿನಲ್ಲೇ ಇದ್ದೇನೆ. ಹೆಬ್ಬೆರಳು ಬಿರಿದಿದೆ, ಬಣ್ಣ ಹೋಗಿದೆ, ಅಕ್ಕಪಕ್ಕದಲ್ಲಿ ಹಲ್ಲಿನ ಸೆಟ್ಟುಗಳು ಕಿಸಿಯುತ್ತಿರುತ್ತವೆ. ನನ್ನ ಅಚ್ಚಿನಲ್ಲಿ ಹುಟ್ಟಿದ ಹೊಸ ಕೈ ವಿರುಪಣ್ಣನ ತೋಳಿನಲ್ಲಿದೆ. ಚೀರಾಟ ಕೇಳಿ ಬೆಳೆದ ನನಗೆ ಈ ಮೂಲೆ ಸಪ್ಪೆಯೆನಿಸೀತು ಎಂದುಕೊಂಡಿದ್ದೆ. ಹಾಗೇನೂ ಆಗಿಲ್ಲ.

ಮೊನ್ನೆ ಹಲ್ಲು ಕಟ್ಟಿಸಲು ಬಂದ ಮುದುಕಿಯೊಬ್ಬಳು ನನ್ನನ್ನು ನೋಡಿ ಕಿಟಾರನೆ ಕಿರುಚಿದಳು. “ಯವ್ವಾ! ಯಾರದ ಇದು ಕೈ?”

ಮಗಳಿಗೆ ಕಬ್ಬಿನ ಹಾಲು ತಂದಿದ್ದ ವಿರುಪಣ್ಣ ತಂಬಿಗೆಯನ್ನು ಕೆಳಗಿಟ್ಟ. ಎಡಗೈಯನ್ನೆತ್ತಿ ಸೊಟ್ಟ ಕಿರುಬೆರಳಿನ ಹೊಸ ಬಲಗೈಗೆ ಜೋಡಿಸಿದ.

“ನಂದ ರೀ ಯವ್ವಾ. ಶರಣ್ರಿ.”

ಮುದುಕಿ ಅವನನ್ನೂ ನನ್ನನ್ನೂ ನೋಡಿ, ತಾನೂ ಕೈ ಮುಗಿದಳು.