ಅಳತೆ ಮಾವನ ಆರು ಟೈರುಗಳು

ಮನೆಗೆ ಬಂದವರ ಮುಖ ನೋಡುವ ಮೊದಲು ಅವರು ಬಂದ ವಾಹನದ ಚಕ್ರಗಳನ್ನು ನೋಡುವುದು ನನ್ನ ಸೋದರಮಾವನ ಪದ್ಧತಿ. ಅತಿಥಿ ಇನ್ನೂ ಬಾಗಿಲು ತೆರೆದು ಒಂದು ಕಾಲನ್ನು ನೆಲಕ್ಕಿಡುತ್ತಿರುವಾಗಲೇ ಮಾವ ಗೇಟಿನ ಬಳಿ ಕುಕ್ಕರಗಾಲಲ್ಲಿ ಕುಳಿತು ಟೈರಿನ ಮೇಲೆ ಅಂಗೈ ಆಡಿಸುತ್ತಿರುತ್ತಿದ್ದರು. ಕುಶಲ ವಿಚಾರಣೆಯೆಲ್ಲ ಆಮೇಲೆ. ನನ್ನನ್ನು ಮದುವೆಯಾಗಲಿದ್ದವರು ಮೊದಲ ಸಲ ಮನೆಗೆ ಬಂದ ದಿನ, ಒಳಗೆ ಎಲ್ಲರೂ ಅವರ ವಿದ್ಯೆ ವಿನಯಗಳನ್ನು ಮೆಚ್ಚಿ ಮಾತಾಡುತ್ತಿದ್ದರೆ, ಮಾವ ಕೈಯ ಧೂಳು ಕೊಡವುತ್ತ ಒಳಬಂದು, "ಹುಡುಗ ಒಳ್ಳೆಯವನೇ. ಆದ್ರೆ ಮುಂದಿನ ಎಡ ಟೈರು ಒಳಮಗ್ಗುಲು ಸವೆದಿದೆ. ಕಣ್ಣಿಗೆ ಕಂಡದ್ದನ್ನ ಮಾತ್ರ ನೋಡ್ಕೊಳ್ಳೋ ಪೈಕಿ ಇರ್ಬೇಕು," ಎಂದು ತೀರ್ಪು ಕೊಟ್ಟುಬಿಟ್ಟರು.

ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಹಿಡಿದು ಗುಡ್ಡ ಹತ್ತಿಳಿದ ಅವರು ಊರಿಗೆಲ್ಲ 'ಅಳತೆಯವರು', ನಮಗೆ ಅಳತೆ ಮಾವ. ನಡಿಗೆಯೂ ಅಳತೆಯದೇ: ಹೆಜ್ಜೆಗೆ ಎರಡೂವರೆ ಅಡಿ, ಏರಿನಲ್ಲೂ ಅಷ್ಟೇ, ಇಳಿಜಾರಿನಲ್ಲೂ ಅಷ್ಟೇ. ಜೊತೆಗೆ ನಡೆಯುವವರು ಒಂದೋ ಓಡಬೇಕು, ಇಲ್ಲವೇ ಕಾಲು ತಡವರಿಸಬೇಕು. ನಡೆಯುವಾಗ ತುಟಿಗಳು ಸದ್ದಿಲ್ಲದೆ ಎಣಿಸುತ್ತಿರುತ್ತಿದ್ದವಾದ್ದರಿಂದ ಬೀದಿಯ ನಡುವೆ ಕೇಳಿದ ಪ್ರಶ್ನೆಗೆ ಉತ್ತರ ಬರುತ್ತಿದ್ದುದು ತಿರುವು ಮುಟ್ಟಿದ ಮೇಲೆಯೇ. ಚಳಿಗಾಲ ಬೇಸಿಗೆಗಳೆರಡನ್ನೂ ಕಡೆಗಣಿಸಿದ ಒಂದು ಖಾಕಿ ಕೋಟು. ಅದರ ಎಡಜೇಬಿನಲ್ಲಿ ಟೈರಿನ ಗಾಳಿ ನೋಡುವ ಮೀಟರು, ಬಲಜೇಬಿನಲ್ಲಿ ಸೀಮೆಸುಣ್ಣ, ಒಳಜೇಬಿನಲ್ಲಿ ಬ್ಲೇಡಿನಿಂದ ಗೆರೆ ಗೀಚಿದ ಒಂದು ಬೆಂಕಿಕಡ್ಡಿ. "ನಾನು ಹೇಳೋದಿಷ್ಟೇ" ಎಂದು ಅವರು ಶುರುಮಾಡಿದರೆ ಕೇಳುವವರು ಕುರ್ಚಿ ಹುಡುಕಿಕೊಳ್ಳುವುದು ಕ್ಷೇಮಕರವಾಗಿತ್ತು.

ಇಲಾಖೆ ಹರಾಜಿಗಿಟ್ಟ ಹಳೆಯ ಜೀಪೊಂದನ್ನು ನಿವೃತ್ತಿಯ ವರ್ಷ ಮನೆಗೆ ತಂದರು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ, ಮಾವನಿಗಿಂತ ಆರೇ ವರ್ಷ ಚಿಕ್ಕದಾದ ಜೀಪು. ಎಂಜಿನ್ನು ಒಂದು ತಿಂಗಳಲ್ಲಿ ಸರಿಹೋಯಿತು, ಬಣ್ಣ ಒಂದು ವಾರದಲ್ಲಿ ಬಂತು. ಟೈರುಗಳ ಆಯ್ಕೆಗೆ ಮಾತ್ರ ಎಂಟು ತಿಂಗಳು ಹಿಡಿಯಿತು. ಅಂಗಡಿಯವರೆಲ್ಲ ಅಗಲವಾದವನ್ನೇ ತೋರಿಸಿದರು. ಮಾವ ಒಂದನ್ನೂ ಒಪ್ಪಲಿಲ್ಲ. "ನಾನು ಹೇಳೋದಿಷ್ಟೇ. ಅಗಲದ್ದು ಕೆಸರಿನ ಮೇಲೆ ತೇಲುತ್ತೆ. ಸಣ್ಣದು ಕೆಸರು ಸೀಳ್ಕೊಂಡು ಹೋಗಿ ಅಡಿಯ ಗಟ್ಟಿ ನೆಲ ಕಚ್ಚುತ್ತೆ. ನಮಗೆ ಬೇಕಾದ್ದು ತೇಲೋದಾ, ಕಚ್ಚೋದಾ?" ಕೊನೆಗೆ ಮುಚ್ಚಲಿದ್ದ ಹಳೆಯ ಅಂಗಡಿಯೊಂದರ ಗೋದಾಮಿನಲ್ಲಿ, ಧೂಳಿನ ಅಡಿಯಲ್ಲಿ, ರಸ್ತೆಯನ್ನೇ ಕಾಣದ ಆರು ಟೈರುಗಳು ಸಿಕ್ಕವು: ಕಿರಿದು, ಎತ್ತರ, ಮೈಮೇಲೆ ಬೆರಳು ದಪ್ಪದ ರಬ್ಬರು ಹಲ್ಲು. ತಯಾರಿಕೆ ನಿಂತುಹೋದ ಮಾದರಿ. ನಿಧಿ ಸಿಕ್ಕವರ ಮುಖ ಹೊತ್ತು ಮಾವ ಮನೆಗೆ ಬಂದರು. ನಾಲ್ಕನ್ನು ಜೀಪಿಗೆ ಹಾಕಿದರು. ಉಳಿದೆರಡನ್ನು ಗುಡ್ಡದ ಹಳ್ಳಿಗಳಿಗೆ ಅದೇ ಅಳತೆಯ ಚಕ್ರಗಳ ಹಳೆಯ ಜೀಪಿನಲ್ಲಿ ಔಷಧಿ ಒಯ್ಯುತ್ತಿದ್ದ ಸಂಚಾರಿ ದವಾಖಾನೆಯ ದಾದಿಗೆ ಕೈಯಾರೆ ಕೊಟ್ಟುಬಂದರು. ಆ ಜೀಪು ನಮ್ಮ ಕಡೆ ಬರುತ್ತಿರಲಿಲ್ಲವಾದ್ದರಿಂದ ಆಮೇಲೆ ಅದರ ಚಕ್ರಗಳು ಮಾವನ ಕಣ್ಣಿಗೆ ಬೀಳಲಿಲ್ಲ. ಅವರ ಔದಾರ್ಯದಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ.

ಆ ಟೈರುಗಳೊಡನೆ ಬಾಳುವುದು ಬೇರೆಯದೇ ಸಂಸಾರ. ಕಲ್ಲುದಾರಿಯಲ್ಲಿ ಮೇಕೆಯಂತೆ ಹತ್ತುತ್ತಿದ್ದ ಜೀಪು ಡಾಂಬರು ರಸ್ತೆಗೆ ಬಂದೊಡನೆ ಜೇನುಹುಳುಗಳ ಹಿಂಡಿನಂತೆ ಮೊರೆಯುತ್ತಿತ್ತು. ಮೂರು ಬೀದಿಯಾಚೆಗೆ ಆ ಮೊರೆತ ಕೇಳಿದರೆ ಅತ್ತೆ ಒಲೆಯ ಮೇಲೆ ಚಹಾದ ನೀರಿಡುತ್ತಿದ್ದರು. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಮಾವನ ತೋಳು ಬಾತುಕೊಳ್ಳುತ್ತಿತ್ತು. ಒದ್ದೆ ಡಾಂಬರಿನಲ್ಲಂತೂ ಸೋಪು ಮೆಟ್ಟಿದ ಕಾಲಿನ ಕತೆ. ಒಳಗೆ ಕೂತವರು ಪರಸ್ಪರ ಕಿರುಚಿಕೊಂಡೇ ಮಾತಾಡಬೇಕು. "ನಮ್ಮಿಬ್ಬರಿಗೂ ಜಗಳ ಇಲ್ಲದ್ದು ಅದಕ್ಕೇ ಕಣೇ. ಇವರು ಹೇಳಿದ್ದು ನನಗೆ ಕೇಳಲ್ಲ, ನಾನು ಹೇಳಿದ್ದು ಇವರಿಗೆ ಕೇಳಲ್ಲ," ಎಂದು ಅತ್ತೆ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿ ನಕ್ಕಿದ್ದರು. ಮಾವನಾದರೋ ಪ್ರತಿ ಭಾನುವಾರ ಬೆಳಿಗ್ಗೆ ಆ ಬೆಂಕಿಕಡ್ಡಿಯನ್ನು ಹಲ್ಲುಗಳ ಸಂದಿಗೆ ಇಳಿಸಿ ಆಳ ನೋಡಿ, ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ನಾಲ್ಕು ವರ್ಷವಾದರೂ ಅಂಕಿ ಕದಲಲಿಲ್ಲ. "ನೋಡು, ಕೂದಲೆಳೆಯಷ್ಟೂ ಸವೆದಿಲ್ಲ!" ಎಂದು ಆ ಗೋಡೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ರಬ್ಬರು ಒಣಗಿ ಕಲ್ಲಾದರೆ ಅದು ಸವೆಯುವುದೂ ಇಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಕಾದ ಡಾಂಬರಿನ ಇಳಿಜಾರಿನಲ್ಲಿ, ನಾವು ಮೂವರೂ ಅತ್ತೆಯ ತಂಗಿಯ ಮನೆಗೆ ಹೊರಟಿದ್ದೆವು. ಮುಂದಿನಿಂದ ಯಾರೋ ಬಾಗಿಲು ಬಡಿದ ಹಾಗೆ ದಬದಬ ಸದ್ದು ಕೇಳಿತು. ಏನೆಂದು ಕೇಳಲು ನಾನು ಬಾಯಿ ತೆರೆಯುವುದರೊಳಗೆ ಸಿಡಿಲೆರಗಿದಂತೆ ಒಂದು ಸ್ಫೋಟ. ಎಡಕ್ಕೆ ಹಾರಿದ ಜೀಪು ಕಣಿವೆಯ ಅಂಚಿಗೆ ನೆಟ್ಟಿದ್ದ ಕಲ್ಲುಗಂಬಕ್ಕೆ ಒರಗಿ ನಿಂತಿತು. ಕಂಬದಾಚೆ ನೆಲವಿರಲಿಲ್ಲ. ಅತ್ತೆಯ ಹಣೆ ಮುಂದಿನ ಗಾಜಿಗೆ ಬಡಿದು ಕಣ್ಣೆದುರೇ ಊದಿಕೊಳ್ಳುತ್ತಿತ್ತು. ನನ್ನ ಕೈಗಳು ಸೀಟಿನ ಸರಳನ್ನು ಬಿಡಲೊಲ್ಲವು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿಕೊಳ್ಳಬೇಕಾಯಿತು.

ಇಳಿದು ನೋಡಿದರೆ, ಮುಂದಿನ ಎಡ ಟೈರಿನ ಮೇಲ್ಮೈ ಪೂರ್ತಿ ಕಿತ್ತುಬಂದು ರಸ್ತೆಯ ಮೇಲೆ ಸುಲಿದ ಚರ್ಮದಂತೆ ಬಿದ್ದಿತ್ತು. ಮಾವ ಅದರ ಪಕ್ಕ ಕುಕ್ಕರಿಸಿದರು. ಮರುಕ್ಷಣ ಅವರು ಮಾಡಿದ್ದನ್ನು ಇವತ್ತಿಗೂ ಮರೆಯಲಾರೆ: ಒಳಜೇಬಿನಿಂದ ಬೆಂಕಿಕಡ್ಡಿ ತೆಗೆದು ಆ ಸತ್ತ ಹಲ್ಲುಗಳ ಸಂದಿಗೆ ಇಳಿಸಿದರು. "ಪೂರ್ತಿ ಇದೆಯಲ್ಲೇ," ಎಂದರು. ಧ್ವನಿ ಅವರದಾಗಿರಲಿಲ್ಲ. "ಆಳ ಪೂರ್ತಿ ಇದೆ!" ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿದಾಗ ಅದು ಬಿಸಿಲಿಗೆ ಒಣಗಿದ ಕೆರೆಯಂಗಳದಂತೆ ಉದ್ದಕ್ಕೂ ಬಿರಿಯಿತು. ಮಾವ ಅದನ್ನು ನೋಡುತ್ತಲೇ ಇದ್ದರು. ಆಮೇಲೆ ತಟ್ಟನೆ ಎದ್ದುನಿಂತರು.

"ಸಿಸ್ಟರ್! ಇವತ್ತು ಅವರು ಗುಡ್ಡಕ್ಕೆ ಹೋಗೋ ದಿನ ಅಲ್ವಾ?"

ಫೋನು ಮಾಡಿದರೆ ದಾದಿ ಎತ್ತಲಿಲ್ಲ. ಜೀಪಿನೊಡನೆ ಬಂದಿದ್ದ ಹಳೆಯ ಸ್ಟೆಪ್ನಿ ಟೈರು ಹಾಕಿ ಹೊರಡೋಣವೆಂದರೆ ಉಳಿದ ಮೂರೂ ಅದೇ ಗೋದಾಮಿನ ಸಂತತಿ. ಹಾಲಿನ ವ್ಯಾನೊಂದನ್ನು ರಸ್ತೆಗೆ ಅಡ್ಡ ನಿಂತು ತಡೆದು, ಕ್ಯಾನುಗಳ ನಡುವೆ ಮೂವರೂ ಕೂತೆವು. ಜನ್ಮದಲ್ಲಿ ಮೊದಲ ಸಲ ಮಾವ ಒಂದು ವಾಹನದ ಟೈರು ನೋಡದೆ ಹತ್ತಿದ್ದರು. ದಾರಿಯುದ್ದಕ್ಕೂ, "ನಾನೇ ಕೊಟ್ಟೆ, ನಾನೇ ಹೊತ್ಕೊಂಡು ಹೋಗಿ ಕೊಟ್ಟೆ," ಎಂಬ ಒಂದೇ ಮಾತು.

ದವಾಖಾನೆಯ ಅಂಗಳದಲ್ಲಿ ಜೀಪು ನಿಂತಿತ್ತು. ದಾದಿ ಲಸಿಕೆಯ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟುತ್ತಿದ್ದರು. ನಡುವಯಸ್ಸಿನ, ಮಿತಭಾಷಿಯಾದ ಹೆಂಗಸು. ಮಾವನ ಕಣ್ಣು ಚಕ್ರಗಳಿಗೆ ಹೋಯಿತು. ನಾಲ್ಕೂ ಬೇರೆ ಟೈರುಗಳು.

"ನಾನು ಕೊಟ್ಟದ್ದೆಲ್ಲಿ?"

ದಾದಿ ಮೊದಲು ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಹಣೆಗೆ ಮಂಜುಗಡ್ಡೆಯ ಚೀಲ ಒತ್ತಿದರು. ಆಮೇಲೆ ಕಟ್ಟಡದ ಹಿಂದಕ್ಕೆ ಕರೆದೊಯ್ದರು. ಎರಡೂ ಟೈರುಗಳು ನೆಲದ ಮೇಲೆ ಅಡ್ಡ ಮಲಗಿದ್ದವು. ನಡುವೆ ಮಣ್ಣು ತುಂಬಿತ್ತು. ಮಣ್ಣಿನಲ್ಲಿ ಪುದೀನ ಸೊಂಪಾಗಿ ಬೆಳೆದಿತ್ತು.

"ನಾನು ಹಾಕ್ಲೇ ಇಲ್ಲ ಸಾರ್. ಮಗ್ಗುಲಲ್ಲಿ ನಾಲ್ಕು ಅಂಕಿ ಇದೆ ನೋಡಿ. ಮೊದಲಿನ ಎರಡು ಟೈರು ತಯಾರಾದ ವಾರ, ಆಮೇಲಿನ ಎರಡು ವರ್ಷ. ನೀವು ತರೋ ಹೊತ್ತಿಗೇ ಹದಿನಾರು ವರ್ಷ ಆಗಿತ್ತು. ಸೀಸೆ ತಿರುಗಿಸಿ ತಿರುಗಿಸಿ ತಾರೀಖು ನೋಡೋದೇ ನನ್ನ ಕೆಲಸ ಅಲ್ವಾ, ಕಣ್ಣು ತಾನಾಗೇ ಹೋಯ್ತು."

ಮಾವ ಪುದೀನದ ಎಲೆ ಸರಿಸಿ ಆ ಅಂಕಿಗಳನ್ನು ಬೆರಳಿನಿಂದ ಮುಟ್ಟಿದರು. ಹಲ್ಲಿನ ಆಳವನ್ನು ಇನ್ನೂರು ಸಲ ನೋಡಿದ್ದವರು ಆ ಅಂಕಿಗಳನ್ನು ಒಂದು ಸಲವೂ ಓದಿರಲಿಲ್ಲ. "ಗೊತ್ತಿದ್ದೂ... ನನ್ನ ಗಾಡೀಲಿ ನಾಲ್ಕು ಇದೆ ಅಂತ ಗೊತ್ತಿದ್ದೂ ಸುಮ್ನೆ ಇದ್ರಾ?"

"ಎರಡು ಸಲ ಹೇಳ್ದೆ ಸಾರ್. ಓಡದ ಟೈರಿಗೆ ವಯಸ್ಸಾಗಲ್ಲ ಅಂದ್ರಿ. ಇನ್ನೊಂದು ಸಲ ಹೇಳೋಕೆ ಅಂತ ಬಸ್ಸಲ್ಲಿ ನಿಮ್ಮನೆಗೆ ಬಂದಾಗ ನೀವು ಕೂತು ಅಳೀತಾ ಇದ್ರಿ." ದಾದಿ ತಲೆ ತಗ್ಗಿಸಿದರು. "ಹೇಳ್ಬೇಕಿತ್ತು. ಅದು ನನ್ನ ತಪ್ಪು."

ಹಿಂದೆ ಬಂದು ನಿಂತಿದ್ದ ಅತ್ತೆ, ಮಂಜುಗಡ್ಡೆಯ ಚೀಲ ಹಿಡಿದುಕೊಂಡೇ, ಮೆಲ್ಲಗೆ ಅಂದರು: "ಸಿಸ್ಟರ್ ಹೇಳಿದ್ದು ನನಗೂ ಕೇಳಿಸಿತ್ತು. ನಿಮ್ಮ ಖುಷಿ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಮಾವ ಅತ್ತೆಯ ಕಡೆ ತಿರುಗಿದರು, ಆಮೇಲೆ ನನ್ನ ಕಡೆ. ನಾನು ಕಣ್ಣು ತಪ್ಪಿಸಿದೆ. ಟೈರಿನ ಮಗ್ಗುಲಲ್ಲಿ ನವಿರಾದ ಬಿರುಕುಗಳನ್ನು ನಾನೂ ಆರು ತಿಂಗಳ ಹಿಂದೆಯೇ ಕಂಡಿದ್ದೆ. ಮಾವನಿಗೆ ತಿಳಿಯದ್ದೇನಿದೆ ಎಂದುಕೊಂಡು ಸೆರಗಿನಿಂದ ಧೂಳು ಒರೆಸಿ ಹತ್ತಿ ಕೂತಿದ್ದೆ. ಸುತ್ತ ಇದ್ದ ಮೂವರಿಗೂ ಕಂಡದ್ದು ತಮಗೊಬ್ಬರಿಗೇ ಕಾಣಲಿಲ್ಲವೆಂಬುದು ಮಾವನನ್ನು ಆ ಪುದೀನದ ಪಾತಿಯ ಅಂಚಿನಲ್ಲಿ ಹಾಗೆಯೇ ಕೂರಿಸಿಬಿಟ್ಟಿತು. ದಾದಿ ನೀರು ತಂದುಕೊಟ್ಟರು. ಕುಡಿಯಲಿಲ್ಲ, ಲೋಟವನ್ನು ಹಿಡಿದುಕೊಂಡೇ ಇದ್ದರು.

ಮುಂದಿನ ಟೈರುಗಳನ್ನು ಆರಿಸಲು ಮಾವ ಆ ದಾದಿಯನ್ನೇ ಅಂಗಡಿಗೆ ಕರೆದೊಯ್ದರು. ಅಗಲದ ವಿಷಯದಲ್ಲಿ ಪಟ್ಟು ಬಿಡಲಿಲ್ಲವಾದರೂ ಅಂಕಿಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದರು. ಮಾತು ಕಡಿಮೆಯಾಯಿತೆಂದರೆ ಸುಳ್ಳಾದೀತು. ಆದರೆ ತಮ್ಮ ಭಾಷಣದ ನಡುವೆ ಒಮ್ಮೊಮ್ಮೆ ತಾವಾಗಿಯೇ ನಿಂತು, ಹೆದರಿದವರ ಹಾಗೆ, "ನೀವೇನೋ ಹೇಳೋಕೆ ಬಂದ್ರಾ?" ಎಂದು ಕೇಳುವ ಹೊಸ ರೂಢಿ ಅವರಿಗೆ ಅಂಟಿಕೊಂಡಿತು.

ತಾವು ಬಲ್ಲ ವಿದ್ಯೆಯಲ್ಲಿ ಹೀಗೆ ನಿಸ್ಸಂಶಯರಾದವರು ಪ್ರತಿ ಮನೆಯಲ್ಲೂ, ಪ್ರತಿ ಕಚೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರು ಕೆಟ್ಟವರಲ್ಲ, ಸೋಮಾರಿಗಳಂತೂ ಅಲ್ಲವೇ ಅಲ್ಲ; ನಮಗಿಂತ ನೂರು ಪಾಲು ಶ್ರದ್ಧಾವಂತರು. ಆ ಶ್ರದ್ಧೆಗೆ ಮಾರುಹೋಗಿಯೇ ನಾವು ಕಣ್ಣಾರೆ ಕಂಡದ್ದನ್ನು ನುಂಗಿಕೊಂಡು, ಆ ನುಂಗುವಿಕೆಗೆ ಗೌರವವೆಂದೋ ಪ್ರೀತಿಯೆಂದೋ ಹೆಸರಿಟ್ಟುಕೊಳ್ಳುತ್ತೇವೆ. ಅವರ ಕಣ್ಣಿಗೆ ಮರೆಯಾದದ್ದನ್ನು ಅವರ ತಪ್ಪೆನ್ನಬಹುದು. ಆದರೆ ಅಂಥವರ ಗಾಡಿ ಕಣಿವೆಯ ಅಂಚಿಗೆ ಸರಿಯುವಾಗ ಒಳಗೆ ಕೂತವರಲ್ಲಿ ಬಹುಪಾಲು, ಬಾಯಿ ಬಿಡಲಾರದೆ ಸುಮ್ಮನಿದ್ದ ನಾವೇ ಆಗಿರುತ್ತೇವೆ.