ಮಂಜುಗಡ್ಡೆಯಿಂದ ಎದ್ದು ಬಂದ ಹುಡುಗ

ಮೇಲ್ ಬಂದಾಗ ನಾನು ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎರಡೇ ಸಾಲು. ನಿಮ್ಮ ಧ್ವನಿಮುದ್ರಣ ನಮ್ಮವರೆಗೂ ಬಂದಿದೆ. ರುತ್ ನಿಮ್ಮೊಂದಿಗೆ ಮಾತನಾಡಬೇಕು ಎನ್ನುತ್ತಿದ್ದಾರೆ, ಗುರುವಾರ ಆಗುತ್ತದೆಯೇ? ಕೆಳಗೆ ಡಂಕನ್ ಎಂಬ ಹೆಸರು. ಬಸ್ಸು ಬಂತು, ಬಾಗಿಲು ತೆರೆಯಿತು, ಚಾಲಕಿ ನನ್ನತ್ತ ನೋಡಿದಳು, ಬಾಗಿಲು ಮುಚ್ಚಿತು. ನಾನು ಹತ್ತಲಿಲ್ಲ.

ರುತ್ ಕೆನಡಾದ ಲೇಖಕಿ. ಡಂಕನ್ ಆಕೆಯ ಪ್ರಕಾಶಕರು. ರುತ್ ಅವರ ಕಥೆಗೆ ನಾನು ಏನು ಮಾಡಿದ್ದೆನೋ ಅದು ಇಬ್ಬರಿಗೂ ತಿಳಿದುಹೋಗಿದೆ ಎಂಬುದೊಂದೇ ಆ ಎರಡು ಸಾಲುಗಳಲ್ಲಿ ನನಗೆ ಕಂಡದ್ದು.

ರುತ್ ಅವರ ಪುಸ್ತಕ ಸಿಕ್ಕಿದ್ದು ಇಲ್ಲಿನ ಗ್ರಂಥಾಲಯದ ಬಾಗಿಲಲ್ಲಿ. ಬೇಡವಾದ ಪುಸ್ತಕಗಳನ್ನು ಅಲ್ಲೊಂದು ಮೇಜಿನ ಮೇಲಿಟ್ಟು ಮಾರುತ್ತಾರೆ. ತೆಳ್ಳನೆಯ ಪುಸ್ತಕ, ಬೆನ್ನಿನ ಮೇಲೆ ಪುಟ್ಟ ದೋಣಿಯ ಗುರುತು. ಕೊನೆಯ ಪುಟದಲ್ಲಿ ತಮ್ಮ ಬೇರೆ ಪುಸ್ತಕಗಳ ಜೊತೆಗೆ ಪಕ್ಕದ ಊರಿನ ಇನ್ನೊಂದು ಸಣ್ಣ ಪ್ರಕಾಶನದ ಹೆಸರನ್ನೂ ಹಾಕಿ, ಇವರದನ್ನೂ ಓದಿ ಎಂದು ಬರೆದಿದ್ದರು. ಹಾಗೆ ಬರೆಯುವ ಪ್ರಕಾಶಕರನ್ನು ನಾನು ಕಂಡಿರಲಿಲ್ಲ. ಅವರದನ್ನೂ ತರಿಸಿದೆ. ಅವರು ಮತ್ತೊಬ್ಬರ ಹೆಸರು ಹೇಳಿದ್ದರು. ಲೈಟ್‌ಹೌಸಿನಲ್ಲಿ ಬೆಳೆದವಳೊಬ್ಬಳ ಕಥೆಗಳು, ಬಸ್ ರಿಪೇರಿ ಮಾಡುವವನೊಬ್ಬನ ಕವಿತೆಗಳು. ಓದು ಮುಗಿಸಿ, ಕೆಲಸ ಹುಡುಕಲು ಕೊಟ್ಟ ಒಂದು ವರ್ಷದ ಪರ್ಮಿಟ್ಟಿನಲ್ಲಿ ದಿನ ತಳ್ಳುತ್ತಿದ್ದ ನನಗೆ, ಬಾಯಿಬಿಟ್ಟು ಮಾತನಾಡಬೇಕಿಲ್ಲದ ಸಹವಾಸ ಅದೊಂದೇ ಆಗಿತ್ತು. ನನ್ನ ಜೊತೆ ಮನೆ ಹಂಚಿಕೊಂಡಿರುವ ಸ್ಪಂದನಾ ಬೆಂಗಳೂರಿನವಳು, ಏರ್‌ಲೈನ್ ಕಂಪನಿಯೊಂದರಲ್ಲಿ ಕೆಲಸ. "ಗೂಗಲ್‌ಗೂ ಗೊತ್ತಿಲ್ದೇ ಇರೋರ್ನ ಅದೆಲ್ಲಿಂದ ಹಿಡ್ಕೊಂಡ್ ಬರ್ತೀಯೇ?" ಎಂದು ನಗುತ್ತಿದ್ದಳು.

ಒಳ್ಳೆಯದನ್ನು ಓದಿದರೆ ಯಾರಿಗಾದರೂ ಹೇಳಬೇಕು. ನನಗೆ ಇರುವವರು ದೊಡ್ಡಮ್ಮ. ಮೈಸೂರಿನಲ್ಲಿ ಅಮ್ಮನ ಮನೆಯ ಪಕ್ಕದಲ್ಲೇ ಇರುವ, ನನಗೆ ಓದುವ ಹುಚ್ಚು ಹಿಡಿಸಿದ ಅನಸೂಯ ದೊಡ್ಡಮ್ಮ. ಆಗಷ್ಟೇ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಪುಸ್ತಕ ಇಲ್ಲ, ಟಿವಿ ಇಲ್ಲ, ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲರ ಮೇಲೂ ಸಿಡುಕುತ್ತಿದ್ದಾರೆ ಎಂದು ಅಮ್ಮ ಹೇಳಿದ್ದಳು. ನಾನು ದಿನಕ್ಕೊಂದು ಕಥೆಯನ್ನು, ಬರೆದವರ ಹೆಸರಿನೊಂದಿಗೆ, ಕನ್ನಡದಲ್ಲಿ ಹೇಳಿ ವಾಟ್ಸಾಪಿನಲ್ಲಿ ಕಳಿಸತೊಡಗಿದೆ. ಎದುರಿಗೆ ಯಾರೂ ಇಲ್ಲದಿದ್ದರೆ ನನ್ನ ದನಿ ಚೆನ್ನಾಗಿಯೇ ಹೊರಡುತ್ತದೆ.

ರುತ್ ಅವರ ಕಥೆಯಲ್ಲಿ ಒಬ್ಬ ಹುಡುಗ ನಾಯಿಯನ್ನು ಕರೆತರಲು ಹೆಪ್ಪುಗಟ್ಟಿದ ನದಿಯ ಮೇಲೆ ಓಡುತ್ತಾನೆ. ಅಕ್ಕ ದಡದಲ್ಲಿ ನಿಂತು ನೋಡುತ್ತಾಳೆ. ಮಂಜುಗಡ್ಡೆ ಬಿರಿಯುತ್ತದೆ. ಅವನು ಮತ್ತೆ ಕಾಣುವುದಿಲ್ಲ. ಆ ಸಾಲಿಗೆ ಬಂದಾಗ ಅಮ್ಮನ ಮಾತು ನೆನಪಾಯಿತು: "ಅವಳನ್ನ ಅಳಿಸ್ಬೇಡ ಕಣೇ. ಆಪರೇಷನ್ ಆದ್ ಕಣ್ಣು, ನೀರು ಬರ್ಬಾರ್ದು." ನಾನು ಹುಡುಗನನ್ನು ಮೇಲಕ್ಕೆ ಎಳೆದುಬಿಟ್ಟೆ. ಅಷ್ಟೇ ಸಲೀಸಾಗಿ. ಅಕ್ಕನ ಕೈಗೆ ಒಂದು ಟವೆಲ್ಲನ್ನೂ ಕೊಟ್ಟೆ.

ದೊಡ್ಡಮ್ಮ ಅದನ್ನು ಭಜನೆಯ ಗುಂಪಿಗೆ ಕಳಿಸಿದರು. ಅಲ್ಲಿಂದ ಎಲ್ಲಿಗೆಲ್ಲ ಹೋಯಿತೋ.

ಮೇಲ್ ಬಂದ ದಿನ ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿ, ಅದನ್ನು ಅಳಿಸಿಹಾಕಲು ಆಗುತ್ತದೆಯೇ ಎಂದು ಕೇಳಿದೆ. ಕಳಿಸಿದ್ದು ಕಳಿಸಿದ ಹಾಗೇ ಎಂದರು ದೊಡ್ಡಮ್ಮ. ಹುಬ್ಬಳ್ಳಿಯಿಂದ ಯಾರೋ ಗುರುತಿಲ್ಲದವರು ಫೋನ್ ಮಾಡಿ ಹೊಗಳಿ, ನನ್ನ ಮೇಲ್ ವಿಳಾಸವನ್ನೂ ಕೇಳಿ ತೆಗೆದುಕೊಂಡರಂತೆ. "ಆ ಮಗು ಉಳ್ಕೊಳ್ತಲ್ಲ, ಅದೇ ಸಮಾಧಾನ ಕಣೆ," ಎಂದರು.

ಸ್ಪಂದನಾ ಮೊದಲು ತಮಾಷೆ ಮಾಡಿದಳು. ನಿನ್ನನ್ನು ಒಳಗೆ ಹಾಕಿದರೆ ಕಿಟಕಿ ಇರುವ ರೂಮು ನನಗೆ ಎಂದಳು. ಆಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಬಂದು ಕೂತಳು.

"ಪರ್ಮಿಷನ್ ತಗೊಂಡಿರ್ಲಿಲ್ವಾ?"

"ದೊಡ್ಡಮ್ಮಂಗೆ ಕಥೆ ಹೇಳೋಕೆ ಯಾರ್ ಪರ್ಮಿಷನ್ ತಗೋತಾರೆ?"

"ಕೇಸ್ ಗೀಸ್ ಹಾಕಿದ್ರೆ ನಿನ್ ಪರ್ಮಿಟ್ ಕಥೆ ಏನೇ ಅಕ್ಷಯಾ?"

ಗುರುವಾರದವರೆಗೆ, ಅಂಚೆ ಹಾಕುವ ಬಾಗಿಲ ಸೀಳಿನಿಂದ ಕಾಗದ ಬಿದ್ದ ಸದ್ದಾದರೆ ಸಾಕು, ಅಡುಗೆಮನೆಯಲ್ಲಿ ಕೈಯಲ್ಲಿದ್ದದ್ದನ್ನು ಹಿಡಿದೇ ನಿಂತುಬಿಡುತ್ತಿದ್ದೆ. ಕೆಲಸದ ಅರ್ಜಿ ತುಂಬಲು ಕೂತರೆ ಮುಂದಿನ ತಿಂಗಳು ಈ ದೇಶದಲ್ಲಿರುತ್ತೇನೋ ಇಲ್ಲವೋ ಎನಿಸಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಡೈರಿ ತೆರೆದು ತಾರೀಖು ಬರೆದು ಹಾಗೇ ಬಿಟ್ಟೆ. ಕಣ್ಣು ಮುಚ್ಚಿದರೆ ಕೆನಡಾದಲ್ಲೊಂದು ಗಾಜಿನ ಕಟ್ಟಡ, ಉದ್ದದ ಮೇಜು, ಸುತ್ತ ಕೂತ ವಕೀಲರು, ನಡುವೆ ನನ್ನ ದನಿ. ಹುಡುಗ ಮೇಲೆ ಬರುವ ಜಾಗದಲ್ಲಿ ಅವರು ಅದನ್ನು ನಿಲ್ಲಿಸಿ ಮತ್ತೆ ಮತ್ತೆ ಹಾಕುತ್ತಿದ್ದರು.

ಗುರುವಾರ ಮಧ್ಯಾಹ್ನ ವಿಡಿಯೊ ಕರೆಯ ಪರದೆ ತೆರೆದುಕೊಂಡಾಗ ಕಂಡದ್ದು ಒಂದು ಅಡುಗೆಮನೆ. ಅಲ್ಲಿ ಬೆಳಗ್ಗೆ. ಒಲೆಯ ಪಕ್ಕದವರೆಗೂ ಪುಸ್ತಕದ ಪೆಟ್ಟಿಗೆಗಳು. ಹಿಂದೆ ಗಡ್ಡದ ಮುದುಕರೊಬ್ಬರು ಪೊಟ್ಟಣಕ್ಕೆ ಟೇಪು ಸುತ್ತುತ್ತಿದ್ದರು, ಅವರೇ ಡಂಕನ್. ಮುಂದೆ ಬೆಳ್ಳಿಗೂದಲಿನ ಹೆಂಗಸು, ರುತ್. ನಾನು ಬರೆದಿಟ್ಟುಕೊಂಡಿದ್ದ ಕ್ಷಮಾಪಣೆಯನ್ನು ಒಂದೇ ಉಸಿರಿಗೆ ಓದಿದೆ. ವಕೀಲರು ಎಂಬ ಪದ ಬಂದಾಗ ಡಂಕನ್ ತಲೆಯೆತ್ತಿ, ಈ ಪ್ರಕಾಶನದಲ್ಲಿ ಇರುವುದು ತಾನು ಮತ್ತು ಈ ಟೇಪು ಅಷ್ಟೇ ಎಂದರು. ರುತ್ ನಗಲಿಲ್ಲ.

ಅವರಿಗೆ ವಿಷಯ ತಿಳಿದದ್ದು ನೀಲಾಂಬಿಕಾ ಎಂಬ ನರ್ಸ್‌ನಿಂದ. ಧಾರವಾಡದವಳು, ಅವರ ಊರಿನ ಆಸ್ಪತ್ರೆಯಲ್ಲಿದ್ದಾಳೆ. ತಾಯಿ ಕಳಿಸಿದ ಕಥೆಯನ್ನು ಕೇಳುತ್ತ, ನದಿಯ ಹೆಸರು ತನ್ನ ಮನೆಯ ಹಿಂದಿನದೇ ಎಂದು ಗುರುತು ಹಿಡಿದಳಂತೆ. ರುತ್ ಇಂಜೆಕ್ಷನ್ನಿಗೆ ಬಂದಾಗ ಅವರ ಕೈ ಹಿಡಿದುಕೊಂಡು, ಹುಡುಗ ಬದುಕಿದ್ದು ಎಷ್ಟು ಸಂತೋಷ ಎಂದಳಂತೆ.

"ಅವನು ನನ್ನ ತಮ್ಮ," ಎಂದರು ರುತ್.

ಇಷ್ಟು ದಿನ ಹೆದರಿದ್ದೆಲ್ಲ ಒಂದು ಹೆದರಿಕೆಯೇ ಅಲ್ಲ ಎನಿಸಿತು. ಯಾಕೆ ಹಾಗೆ ಮಾಡಿದೆ ಎಂದು ಅವರು ಕೇಳಿದರು. ದೊಡ್ಡಮ್ಮನ ಕಣ್ಣಿನ ವಿಷಯ ಹೇಳಿದೆ. ಇಂಗ್ಲಿಷಿನಲ್ಲಿ ಅದು ಹುಚ್ಚು ಮಾತಿನಂತೆ ಕೇಳಿಸಿತು. ರುತ್ ಪರದೆಯ ಹತ್ತಿರಕ್ಕೆ ಬಾಗಿದರು.

"ಮೇಲೆ ಬಂದ ಮೇಲೆ ಅವನು ಏನೆಂದ?"

ಹೇಳಲಾರೆ ಎಂದೆ. ಹೇಳು ಎಂದರು. ಹೇಳಿದೆ: ಅಕ್ಕ ಟವೆಲ್ಲಿನಿಂದ ಗಸಗಸನೆ ತಲೆ ಒರೆಸುತ್ತಾಳೆ, ಸಾಕು ಬಿಡೆ, ನೋಯುತ್ತೆ ಅನ್ನುತ್ತಾನೆ.

ಡಂಕನ್ ಅವರ ಟೇಪಿನ ಸದ್ದು ನಿಂತಿತು. ರುತ್ ಕಿಟಕಿಯತ್ತ ನೋಡುತ್ತಿದ್ದರು.

"ಇಲ್ಲ," ಎಂದರು ಕೊನೆಗೆ. "ತಲೆ ಒರೆಸಲು ಅವನು ಯಾವತ್ತೂ ಬಿಡುತ್ತಿರಲಿಲ್ಲ. ಅವನು ಸತ್ತದ್ದನ್ನು ಕಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ನಿಮ್ಮ ಭಾಷೆಯಲ್ಲಿ ಅವನು ಬದುಕಿಬಿಟ್ಟರೆ, ನಾನು ಇಷ್ಟು ವರ್ಷ ಅತ್ತದ್ದು ಯಾರಿಗಾಗಿ?"

ಅವರು ಕೇಳಿದ್ದು ಇಷ್ಟೇ. ಆ ಕಥೆ ಹೋದ ದಾರಿಯಲ್ಲೇ, ಅದೇ ದನಿಯಲ್ಲಿ, ತಾನು ಬರೆದ ಕೊನೆಯೂ ಹೋಗಬೇಕು. ಅಷ್ಟು ಮಾಡಿದರೆ ಈ ವಿಷಯ ಮುಗಿಯಿತು. ಕರೆ ಮುಗಿದಾಗ ಸ್ಪಂದನಾ ಬಾಗಿಲಲ್ಲಿ ನಿಂತಿದ್ದಳು. ಕೇಸ್ ಇಲ್ಲ ಎಂದೆ. ಹಾಗಾದರೆ ಮುಖ ಯಾಕೆ ಇನ್ನೂ ಹಾಗೇ ಇದೆ ಎಂದಳು.

ಸಂಜೆಯವರೆಗೂ ತಡೆಯಲು ಧೈರ್ಯವಿರಲಿಲ್ಲ. ಮೈಸೂರಿಗೆ ಫೋನ್ ಮಾಡಿದೆ.

"ದೊಡ್ಡಮ್ಮಾ, ಕಣ್ಣು ಈಗ ಪೂರ್ತಿ ಸರಿಹೋಗಿದ್ಯಾ?"

"ಸೂಜಿಗೆ ದಾರ ಪೋಣಿಸ್ತೀನಿ ಕಣೆ. ಯಾಕೆ?"

"ಒಂದ್ ಕಥೆ ಕಳಿಸ್ತೀನಿ. ಒಬ್ರೇ ಇರ್ಬೇಡಿ, ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿ. ಆಮೇಲೆ ಎಲ್ಲಾ ಗುಂಪಿಗೂ ಹಾಕಿ."

ಅವರು ಇನ್ನೇನೋ ಕೇಳುವ ಮುನ್ನ ಫೋನ್ ಇಟ್ಟೆ. ಪುಸ್ತಕ ತೆರೆದು, ಮೈಕಿನ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದೆ. ನಾಯಿ ಓಡಿತು, ಹುಡುಗ ಓಡಿದ, ಅಕ್ಕ ದಡದಿಂದ ಕೂಗಿದಳು. ಮಂಜುಗಡ್ಡೆ ಬಿರಿಯುವ ಸಾಲಿಗೆ ಬಂದೆ. ಬೆರಳು ಎತ್ತಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಎತ್ತಲಿಲ್ಲ. ಮುಂದಿನ ಸಾಲು ಓದಿದೆ.